ಫ್ರೇಸಲ್ ವರ್ಬ್ ನಾಲಿಗೆಗೆ ಹತ್ತಿದ ಬಗೆ

ಓದಿದರೆ ಅರ್ಥವಾಗುವ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳು (ಕ್ರಿಯಾಪದದ ಜತೆ ‘ಆನ್’, ‘ಆಫ್’ನಂಥ ಪುಟ್ಟ ಪದ ಸೇರಿದ ಜೋಡಿಗಳು) ನನ್ನ ಮಾತಿಗೆ ಬರುತ್ತಿರಲಿಲ್ಲ. ಪಟ್ಟಿ ಉರು ಹೊಡೆದದ್ದೂ ಮೊಬೈಲ್ ಆ್ಯಪ್‌ನ ರಸಪ್ರಶ್ನೆಯೂ ದಂಡ.

ಫಲ ಕೊಟ್ಟದ್ದು, ಕೆಲಸ ನಡೆಯುತ್ತಿರುವಾಗಲೇ ಅದನ್ನು ಹೇಳುವುದು. ಕೋಲಾರದ ನಿಲ್ದಾಣದಲ್ಲಿ ಬಸ್ ಹತ್ತುತ್ತಾ ‘ಐ ಆಮ್ ಗೆಟಿಂಗ್ ಆನ್ ದ ಬಸ್’ (ತುಟಿ ಅಲ್ಲಾಡಿದರೆ ಸಾಕು, ಕಂಡಕ್ಟರ್‌ಗೆ ಕೇಳಿಸಬೇಕಿಲ್ಲ). ಮನೆಯಲ್ಲಿ ಮೋಟರ್ ನಿಲ್ಲಿಸುತ್ತಾ ‘ಐ ಆಮ್ ಟರ್ನಿಂಗ್ ಆಫ್ ದ ಮೋಟರ್’. ‘ಇಂಗ್’ ಸೇರುವುದು ಕ್ರಿಯಾಪದಕ್ಕೆ, ‘ಆನ್’, ‘ಆಫ್‌’ಗಳಿಗಲ್ಲ.

ಕೂಡಲೇ ಅದೇ ವಾಕ್ಯವನ್ನು ‘ಇಟ್’ ಹಾಕಿ ಮತ್ತೆ ಹೇಳಬೇಕು. ತೊಡಕು ಬಿಡಿಸಿದ್ದು ಇದೇ. ಮೋಟರಿಗೆ ‘ಇಟ್’ ನಡುವೆ ನುಗ್ಗುತ್ತದೆ: ‘ಟರ್ನಿಂಗ್ ಇಟ್ ಆಫ್’. ಬಸ್ಸಿಗೆ ಕೊನೆಯಲ್ಲೇ: ‘ಗೆಟಿಂಗ್ ಆನ್ ಇಟ್’. ನೋಟ್‌ಬುಕ್‌ನಲ್ಲಿ ಈ ಎರಡು ಬಗೆಗೂ ಬೇರೆ ಬೇರೆ ಪುಟವಿರಲಿ: ‘ಪುಟಿಂಗ್ ಆನ್’ ಮೊದಲನೆಯದರಲ್ಲಿ, ‘ಲುಕಿಂಗ್ ಫಾರ್’ ಎರಡನೆಯದರಲ್ಲಿ.