ಸೆರೆಮನೆಯೊಳಗಿನ ಧ್ಯಾನಕೂಟವನ್ನು ಬೆಳೆಸುವ ಬಗೆ

ಸ್ವಯಂಸೇವಕರ ತಂಡವೊಂದು ಸೆರೆಮನೆಯೊಳಗೆ ಹೋಗಿ ಬಂದಿಗಳಿಗಾಗಿ ಮೂರು ನಾಲ್ಕು ದಿನ ನಡೆಸುವ ಕ್ರೈಸ್ತ ಪ್ರಾರ್ಥನಾ ಶಿಬಿರವೇ ಧ್ಯಾನಕೂಟ. ಮೊದಲ ಧ್ಯಾನಕೂಟ ಚೆನ್ನಾಗಿ ನಡೆದ ಮರುವಾರವೇ ಇನ್ನೊಂದು ಸೆರೆಮನೆಗೆ ಅರ್ಜಿ ಹಾಕಲು ಅನೇಕ ತಂಡಗಳು ಹೊರಡುತ್ತವೆ. ಆ ಉತ್ಸಾಹವನ್ನು ತಡೆದುಕೊಳ್ಳಬೇಕೆಂದೇ ನನ್ನ ಮೊದಲ ಸಲಹೆ. ಕೂಟ ಮುಗಿದ ಮೇಲೂ ವಾರವಾರ ಒಳಗೆ ಹೋಗಿ ಬಂದಿಗಳ ಜೊತೆ ಕೂರಬಲ್ಲವರು ಎಷ್ಟು ಮಂದಿ ಇದ್ದಾರೋ ಅಷ್ಟರಮಟ್ಟಿಗೆ ಮಾತ್ರ ಈ ಸೇವೆ ಬೆಳೆದಿದೆ ಎಂದು ಲೆಕ್ಕ ಹಿಡಿಯಬೇಕು.

ಇಂಥ ಧ್ಯಾನಕೂಟಗಳನ್ನು ನಡೆಸುವ ಸಂಸ್ಥೆಗಳಲ್ಲಿ ಕೈರೋಸ್ ಸೆರೆಮನೆ ಸೇವೆ ಒಂದು. ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಕುರ್ಸಿಯೊ ಎಂಬ ಕ್ಯಾಥೊಲಿಕ್ ಧ್ಯಾನಕೂಟದ ಕ್ರಮವನ್ನು 1976ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ರೇಫರ್ಡ್‌ ಸೆರೆಮನೆಯೊಳಗೆ ನಡೆಸಿದ್ದೇ ಅದರ ಆರಂಭ. ಮುಂದೆ ಬೇರೆ ಬೇರೆ ಕ್ರೈಸ್ತ ಸಭೆಗಳ ಸಾಮಾನ್ಯ ವಿಶ್ವಾಸಿಗಳು ಸೇರಿ ನಡೆಸುವ ಸೇವೆಯಾಗಿ ಅದು ಆಸ್ಟ್ರೇಲಿಯಾ, ಬ್ರಿಟನ್, ದಕ್ಷಿಣ ಆಫ್ರಿಕಾಗಳಿಗೂ ಹರಡಿತು. ಕೈರೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ತಕ್ಕ ಸಮಯ.

ಆರಂಭಿಸುವವರು ಮೊದಲು ಸೆರೆಮನೆಯ ಅಧೀಕ್ಷಕರನ್ನೂ ಅಲ್ಲಿನ ಧರ್ಮಗುರುವನ್ನೂ ಕಂಡು, ಕಾರ್ಯಕ್ರಮದ ವೇಳಾಪಟ್ಟಿ, ಒಳಗೆ ಬರುವವರ ಹೆಸರು, ತರುವ ಪ್ರತಿಯೊಂದು ವಸ್ತು ಎಲ್ಲವನ್ನೂ ಬರೆದುಕೊಡಬೇಕು. ಬಂದಿಗಳ ಎಣಿಕೆಯ ಹೊತ್ತಿಗೆ ಪ್ರಾರ್ಥನೆ ಅರ್ಧದಲ್ಲಿದ್ದರೂ ನಿಲ್ಲಿಸಲು ಸಿದ್ಧರಿರಬೇಕು. ಕಾವಲು ಸಿಬ್ಬಂದಿಯ ವಿಶ್ವಾಸ ಕಳೆದುಕೊಂಡ ತಂಡಕ್ಕೆ ಎರಡನೆಯ ಅವಕಾಶ ಸಿಗುವುದು ಕಷ್ಟ.

ಸ್ವಯಂಸೇವಕರನ್ನು ಆರಿಸುವಾಗ ಮಾತುಗಾರಿಕೆಗಿಂತ ಕೇಳಿಸಿಕೊಳ್ಳುವ ತಾಳ್ಮೆಗೆ ಬೆಲೆ ಕೊಡಿ. ಯಾವ ಅಪರಾಧಕ್ಕೆ ಬಂದಿರಿ ಎಂದು ಕೇಳಬಾರದು. ಹೊರಗಿನವರಿಗೆ ಸಂದೇಶ ಒಯ್ಯಬಾರದು. ಶಿಕ್ಷೆ ಕಡಿಮೆಯಾದೀತೆಂಬ ಆಸೆಯನ್ನು ಸುಳಿವಿನಲ್ಲೂ ಹುಟ್ಟಿಸಬಾರದು. ಇವನ್ನು ತರಬೇತಿಯಲ್ಲಿ ಒಮ್ಮೆ ಹೇಳಿ ಬಿಟ್ಟರೆ ಸಾಲದು, ಇಂಥ ಸಂದರ್ಭಗಳನ್ನು ತಾವೇ ಅಭಿನಯಿಸಿ ಅಭ್ಯಾಸ ಮಾಡಬೇಕು.

ಪ್ರಾರ್ಥನೆಗೆ ಈಗಾಗಲೇ ಬರುತ್ತಿರುವ ಭಕ್ತರಿಂದಲೇ ಕೂಟಕ್ಕೆ ಕರೆಯುವ ಬಂದಿಗಳ ಪಟ್ಟಿ ತುಂಬಿಸುವುದು ಸುಲಭ, ಆದರೆ ಅದರಿಂದ ಸೆರೆಮನೆಯ ವಾತಾವರಣ ಬದಲಾಗುವುದಿಲ್ಲ. ಅಂಗಳದಲ್ಲಿ ಯಾರ ಮಾತಿಗೆ ಉಳಿದವರು ಕಿವಿಗೊಡುತ್ತಾರೋ, ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ, ಅವರನ್ನು ಆಹ್ವಾನಿಸಬೇಕು. ಒತ್ತಾಯ ಮಾತ್ರ ಸಲ್ಲದು; ಬೇರೆ ಧರ್ಮದವರೂ ಧರ್ಮವೇ ಬೇಡವೆನ್ನುವವರೂ ಬಂದು ಕೂರಬಹುದು, ನಡುವೆ ಎದ್ದು ಹೋಗಲೂಬಹುದು.

ಕೂಟದ ಮೂರು ನಾಲ್ಕು ದಿನಗಳಲ್ಲಿ ದೊಡ್ಡ ಉಪನ್ಯಾಸಗಳಿಗಿಂತ ಸಣ್ಣ ಸಂಗತಿಗಳೇ ಹೆಚ್ಚು ಕೆಲಸ ಮಾಡುತ್ತವೆ. ಸಂಖ್ಯೆಯಿಂದ ಕರೆಸಿಕೊಂಡು ರೂಢಿಯಾದವನ ಎದೆಯ ಮೇಲೆ ಅವನ ಹೆಸರು ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಇರಲಿ, ಎಲ್ಲರೂ ಆ ಹೆಸರಿನಿಂದಲೇ ಕರೆಯಲಿ. ತಂಡದವರು ಪ್ರತಿಯೊಬ್ಬರಿಗೂ ಕೈಯಾರೆ ಬರೆದ ಕಾಗದಗಳನ್ನು ಕೊಟ್ಟ ಮೇಲೆ ಅರ್ಧ ಗಂಟೆ ಯಾರೂ ಮಾತಾಡಬೇಡಿ. ವರ್ಷಗಟ್ಟಲೆ ಕಾಗದವೇ ಬಾರದಿದ್ದವರು ಲಕೋಟೆಯನ್ನು ತೆರೆಯದೆ ಸುಮ್ಮನೆ ಹಿಡಿದು ಕೂರಬಹುದು. ಅವರನ್ನು ಅವಸರಪಡಿಸುವುದು ತಪ್ಪು. ಕ್ಷಮೆಯ ಪ್ರಾರ್ಥನೆಯಲ್ಲಿ ತಾವು ಕ್ಷಮಿಸಬೇಕಾದವರ ಹೆಸರುಗಳನ್ನು ನೀರಿನಲ್ಲಿ ಕರಗುವ ಕಾಗದದ ಮೇಲೆ ಬರೆದು ಬಟ್ಟಲಿಗೆ ಹಾಕುವ ಕ್ರಮವಿಟ್ಟುಕೊಳ್ಳಬಹುದು, ಆದರೆ ಆ ಚೀಟಿಯನ್ನು ಬರೆದವನ ಹೊರತು ಇನ್ನೊಬ್ಬರು ಓದಕೂಡದು.

ನಿಜವಾದ ದುಡಿಮೆ ಶುರುವಾಗುವುದು ಆಮೇಲೆ. ಕೂಟದ ಸಂತೋಷ ಆರಿಹೋದ ದಿನವೇ ಬಂದಿಗೆ ಹಳೆಯ ಸಂಗ, ಹಳೆಯ ಜಗಳಗಳು ಎದುರಾಗುತ್ತವೆ. ಆಗ ನಾಲ್ಕೈದು ಜನರ ಪುಟ್ಟ ಗುಂಪು ವಾರಕ್ಕೊಮ್ಮೆ ಕೂಡಿ ಪ್ರಾರ್ಥಿಸಿ ಮನಸ್ಸು ಬಿಚ್ಚಿ ಮಾತಾಡುವ ಏರ್ಪಾಡು ಇಲ್ಲದಿದ್ದರೆ, ಎಲ್ಲರ ಹಾಗೆ ಇವರೂ ಬಂದು ಹೋದರು ಎಂಬ ನೋವೇ ಅವನಲ್ಲಿ ಉಳಿಯುತ್ತದೆ. ಆದ್ದರಿಂದ ಕೂಟದ ದಿನಾಂಕ ಗೊತ್ತುಮಾಡುವ ಮೊದಲೇ ಮುಂದಿನ ಒಂದು ವರ್ಷ ಯಾರು ಯಾವ ವಾರ ಹೋಗುತ್ತಾರೆ ಎಂಬ ಪಟ್ಟಿ ಸಿದ್ಧವಾಗಿರಬೇಕು. ಹೊರಗೆ ಉಳಿದ ತಾಯಿ, ಹೆಂಡತಿಯರಿಗೂ ಬೇರೆ ಕೂಟಗಳನ್ನು ನಡೆಸಿ. ಬಿಡುಗಡೆಯಾದವನು ಮೊದಲ ಭಾನುವಾರ ಯಾವ ಚರ್ಚಿಗೆ ಹೋಗಬೇಕು, ಬಾಗಿಲಲ್ಲಿ ಅವನನ್ನು ಯಾರು ಎದುರುಗೊಳ್ಳಬೇಕು ಎಂಬುದನ್ನೂ ನಿಶ್ಚಯಿಸಿ.

ಈ ಪಟ್ಟಿ ಒಂದು ವರ್ಷ ತಪ್ಪದೆ ನಡೆದ ಮೇಲೆ ಎರಡನೆಯ ಸೆರೆಮನೆಯನ್ನು ಯೋಚಿಸಬಹುದು. ಹಳೆಯ ತಂಡವನ್ನು ಇಬ್ಭಾಗ ಮಾಡಬೇಡಿ. ಹೊಸ ಸ್ಥಳಕ್ಕೆ ಬೇಕಾದ ಸ್ವಯಂಸೇವಕರನ್ನು ಮೊದಲೇ ಕರೆತಂದು, ಹಳೆಯ ಸೆರೆಮನೆಯಲ್ಲಿ ಒಂದು ಕೂಟವನ್ನೂ ಆನಂತರದ ಕೆಲವು ತಿಂಗಳ ವಾರದ ಭೇಟಿಗಳನ್ನೂ ನೋಡಿ ಕಲಿಯಲು ಬಿಡಿ.