ಆಲೂಗಡ್ಡೆ ಚಿಪ್ಸ್ ಕೆಂಪಾಗದೆ ಗರಿಗರಿಯಾಗಲು

ಸ್ಲೈಸರ್ ಮಣೆಯಲ್ಲಿ ಸುಮಾರು 1.5 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿದ ಆಲೂಗಡ್ಡೆ ಬಿಲ್ಲೆಗಳನ್ನು ನೇರವಾಗಿ ಎಣ್ಣೆಗೆ ಬಿಡದೆ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ ತೊಳೆದು, 1 ಲೀಟರ್ ಕುದಿಯುವ ನೀರಿಗೆ 1 ದೊಡ್ಡ ಚಮಚ ವಿನೆಗರ್ ಮತ್ತು ಸ್ವಲ್ಪ ಉಪ್ಪು ಬೆರೆಸಿ ಅದರಲ್ಲಿ 3 ನಿಮಿಷ ಬೇಯಿಸಿ, ಹತ್ತಿಯ ಬಟ್ಟೆಯ ಮೇಲೆ ಹರಡಿ ತೇವವೆಲ್ಲ ಆರಿದ ಮೇಲೆ ಕರಿಯಿರಿ. ತೊಳೆಯುವುದರಿಂದ ಬಿಲ್ಲೆಗಳು ಒಂದಕ್ಕೊಂದು ಅಂಟಲು ಕಾರಣವಾಗುವ ಪಿಷ್ಟ ಹೋಗುತ್ತದೆ. ಬಿಸಿನೀರು, ಎಣ್ಣೆಯಲ್ಲಿ ಬೇಗ ಕೆಂಪೇರಿ ಕಹಿಯಾಗಿಸುವ ಸಕ್ಕರೆಯ ಅಂಶವನ್ನು ಸೆಳೆದುಕೊಳ್ಳುತ್ತದೆ. ಹುಳಿಯಿರುವುದರಿಂದ ಆಲೂಗಡ್ಡೆಯ ಜೀವಕೋಶಗಳನ್ನು ಒಟ್ಟಿಗೆ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಬೇಗ ಕರಗದೆ, ಅಷ್ಟು ತೆಳುವಾದ ಬಿಲ್ಲೆಯೂ ಬೆಂದು ಮುದ್ದೆಯಾಗುವುದಿಲ್ಲ. ಕೈಯಲ್ಲಿ ಹೆಚ್ಚಿದ ಬಿಲ್ಲೆಗಳಿಗೆ ಈ ಕ್ರಮ ಅಷ್ಟಾಗಿ ಒಗ್ಗದು, ಏಕೆಂದರೆ ದಪ್ಪ ಹೆಚ್ಚುಕಡಿಮೆಯಾದರೆ ಕೆಲವು ಒಡೆದು ಕೆಲವು ಹಸಿಯಾಗಿಯೇ ಉಳಿಯುತ್ತವೆ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟಿರುವುದರಿಂದ, ಎಷ್ಟು ತೊಳೆದರೂ ಬೇಯಿಸಿದರೂ ಚಿಪ್ಸ್ ಕೆಂಪಾಗುವುದು ತಪ್ಪದು. ಅಂಥದ್ದನ್ನು ಸಾಗುವಿಗೆ ಬಳಸುವುದೇ ಲೇಸು. ಮಳೆಗಾಲದಲ್ಲಿ ಬಟ್ಟೆಯ ಮೇಲೆ ಹರಡಿದರಷ್ಟೇ ಸಾಲದು, ಫ್ಯಾನಿನ ಕೆಳಗೆ ಅರ್ಧ ಗಂಟೆಯಾದರೂ ಇಡಬೇಕು. ಬೆರಳಿಗೆ ರಕ್ಷಣೆಯ ಹಿಡಿಕೆ ಇಲ್ಲದಿದ್ದರೆ ಗೆಡ್ಡೆಯ ಕೊನೆಯ ತುಂಡನ್ನು ಮಣೆಯ ಮೇಲೆ ಉಜ್ಜದೆ ಪಲ್ಯಕ್ಕೆ ಎತ್ತಿಡಿ.