ಕಣದ ಟಾರ್ಪಾಲು, ಕಾರಿನ ಗಾಜು

ನಾನು ಮಡಿಕೇರಿಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಮೈಸೂರಿನಲ್ಲಿ ರೈಲು ಹಿಡಿಯುವವರು, ಮಂಗಳೂರಿನ ಆಸ್ಪತ್ರೆಗೆ ಹೋಗುವವರು, 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿಗೆ ಹೊರಡುವವರು, ಹೀಗೆ ನನ್ನ ಬಾಡಿಗೆಗಳಲ್ಲಿ ಹೆಚ್ಚಿನವು ನಸುಕಿನವು. ನಾಲ್ಕೂವರೆಗೆ ಗಿರಾಕಿಯ ಮನೆಯ ಮುಂದೆ ಇರಬೇಕೆಂದರೆ ನಾಲ್ಕಕ್ಕೆಲ್ಲ ನಮ್ಮ ಗಲ್ಲಿಯಲ್ಲಿ ನನ್ನ ಕಾರು ಎದ್ದಿರಬೇಕು.

ಬಹಳ ವರ್ಷ ನನ್ನ ಪದ್ಧತಿ ಒಂದೇ ಆಗಿತ್ತು. ಎದ್ದ ಕೂಡಲೇ ಹೊರಗೆ ಬಂದು ಕಾರು ಸ್ಟಾರ್ಟ್ ಮಾಡುವುದು, ಬ್ಲೋವರನ್ನು ಪೂರ್ತಿ ಏರಿಸಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುವುದು, ಹಾಗೇ ಬಿಟ್ಟು ಒಳಗೆ ಹೋಗಿ ಮುಖ ತೊಳೆದು ಕಾಫಿ ಕುಡಿಯುವುದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಬ್ಬನಿ ಆರಿ ಗಾಜು ತಿಳಿಯಾಗಿರುತ್ತಿತ್ತು. ಡ್ರೈವರ್‌ಗಳು ಎಲ್ಲರೂ ಮಾಡುವುದು ಇದನ್ನೇ. ಅದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆದಿರಲೇ ಇಲ್ಲ.

ನಮ್ಮ ಊರಿನ ಗಲ್ಲಿಗಳ ರೀತಿ ಗೊತ್ತಿದ್ದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಗುಡ್ಡದ ಬದಿಯಲ್ಲಿ ಮನೆಗಳು ಮೆಟ್ಟಿಲಿನ ಹಾಗೆ ಕೂತಿವೆ. ರಸ್ತೆಯ ಒಂದು ಬದಿಯ ಮನೆಗೆ ಹತ್ತಿ ಹೋಗಬೇಕು, ಇನ್ನೊಂದು ಬದಿಯ ಮನೆಗೆ ಇಳಿದು ಹೋಗಬೇಕು. ನಾನು ಕಾರು ನಿಲ್ಲಿಸುವಲ್ಲಿ ಕೆಳಮನೆಯ ಮಲಗುವ ಕೋಣೆಯ ಕಿಟಕಿ ರಸ್ತೆಯ ಮಟ್ಟಕ್ಕೇ ಬರುತ್ತದೆ, ನನ್ನ ಸೈಲೆನ್ಸರ್‌ನಿಂದ ಒಂದು ಮಾರು ದೂರ ಅಷ್ಟೇ. ಆ ಮನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಒಬ್ಬ ನರ್ಸ್, ಅವಳ ಗಂಡ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ ಇದ್ದಾರೆ.

ಒಂದು ಸಂಜೆ ಆ ನರ್ಸ್ ತಂಗಿ ಮೆಟ್ಟಿಲು ಹತ್ತಿ ಬಂದು ನಿಂತಳು. "ಅಣ್ಣ, ಬೇಸರ ಮಾಡ್ಬೇಡಿ. ಬೆಳಿಗ್ಗೆ ನಿಮ್ಮ ಗಾಡಿಯ ಹೊಗೆ ಕೋಣೆಯೊಳಗೆ ಬರ್ತದೆ. ಅತ್ತೆಗೆ ಮೊದಲೇ ಉಬ್ಬಸ. ಒಮ್ಮೆ ಕೆಮ್ಮು ಶುರುವಾದರೆ ಬೆಳಕಾಗುವ ತನಕ ನಿಲ್ಲೋದಿಲ್ಲ" ಅಂದಳು. ಎಷ್ಟು ದಿನದಿಂದ ಎಂದು ಕೇಳಿದೆ. "ಹೋದ ವರ್ಷವೂ ಇತ್ತು. ಕಿಟಕಿ ಸಂದಿಗೆ ಬಟ್ಟೆ ತುರುಕಿ ನೋಡಿದೆವು" ಅಂದಳು. ಇಡೀ ಒಂದು ಚಳಿಗಾಲ ಅವರು ಬಟ್ಟೆ ತುರುಕಿಕೊಂಡು ಮಲಗಿದ್ದರು, ಒಂದು ಮಾತು ಆಡಿರಲಿಲ್ಲ. ಅಜ್ಜಿ ಸುಗ್ಗಿಹಬ್ಬ ಪುತ್ತರಿಗೆ ನಮ್ಮ ಮನೆಗೆ ಬಂದು ಮಕ್ಕಳ ಕೈಗೆ ಬಾಳೆಹಣ್ಣು ಕೊಟ್ಟು ಹೋಗಿದ್ದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಚಳಿದೇಶಗಳಲ್ಲಿ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯಬೇಕು. ನಮ್ಮಲ್ಲಿ ಅಷ್ಟಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೂ ಜನವರಿಯ ನಸುಕಿನಲ್ಲಿ ಹತ್ತು ಹನ್ನೆರಡು ಡಿಗ್ರಿ ಆದರೆ ಅದೇ ದೊಡ್ಡ ಚಳಿ. ನಮ್ಮ ತೊಂದರೆ ಇಬ್ಬನಿಯದು. ಮೋಡವಿಲ್ಲದ ರಾತ್ರಿ ಗಾಜು ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿರುವ ನೀರಿನ ಪಸೆ ಅದರ ಮೇಲೆ ಬಂದು ಕೂರುತ್ತದೆ. ಮರದಡಿ ನಿಲ್ಲಿಸಿದ ಕಾರು ಒಣಗಿರುವುದು, ಬಯಲಲ್ಲಿ ನಿಲ್ಲಿಸಿದ್ದು ತೊಪ್ಪೆಯಾಗುವುದು ಇದಕ್ಕೇ.

ಹೊಗೆ ಕಿಟಕಿಯ ಬಳಿಯೇ ಯಾಕೆ ನಿಲ್ಲುತ್ತದೆ ಎಂಬುದಕ್ಕೂ ಕಾರಣ ಅದೇ ಚಳಿ. ಇಂಥ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ, ಮೇಲಿನದು ಅದಕ್ಕಿಂತ ಬೆಚ್ಚಗಿರುತ್ತದೆ. ಹೊಗೆ ಮೇಲೇರುವುದಿಲ್ಲ, ತಗ್ಗಿಗೆ ಇಳಿಯುತ್ತದೆ. ಸದ್ದು ಕೂಡ ಆ ಬೆಚ್ಚನೆಯ ಪದರದಿಂದ ಕೆಳಕ್ಕೆ ಬಾಗಿ ಹಗಲಿಗಿಂತ ದೂರ ಕೇಳಿಸುತ್ತದೆ. ತಣ್ಣಗಿರುವ ಡೀಸೆಲ್ ಎಂಜಿನ್ ಬಿಡುವ ಹೊಗೆಯಲ್ಲಿ ಪೂರ್ತಿ ಉರಿಯದ ಎಣ್ಣೆ ಇರುವುದರಿಂದ ಕಣ್ಣು, ಗಂಟಲು ಎರಡೂ ಉರಿಯುತ್ತವೆ. ಬೇಕೆಂದೇ ಹುಡುಕಿದರೂ ನೆರೆಮನೆಗೆ ಇದಕ್ಕಿಂತ ಹೆಚ್ಚು ತೊಂದರೆ ಕೊಡುವ ಹೊತ್ತು ಸಿಗುವುದಿಲ್ಲ.

ಮೊದಲು ಎರಡು ತಪ್ಪು ದಾರಿ ಹಿಡಿದೆ. ಒಂದು, ಒಲೆಯ ಬಿಸಿನೀರು ತಂದು ಗಾಜಿಗೆ ಸುರಿದೆ. ಇಬ್ಬನಿ ಹೋಯಿತು, ಆದರೆ ಗಾಜಿನಲ್ಲಿ ಮೊದಲೇ ಇದ್ದ ಕಲ್ಲೇಟಿನ ಚುಕ್ಕೆಯಿಂದ ಗೀರು ಒಂದು ಗೇಣು ಓಡಿತು. ತಣ್ಣನೆಯ ಗಾಜಿನ ಒಂದು ಭಾಗ ಮಾತ್ರ ಫಕ್ಕನೆ ಬಿಸಿಯಾದರೆ ಹೀಗಾಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಗಲ್ಲಿ ಇಳಿಜಾರು ತಾನೇ ಎಂದು ಎಂಜಿನ್ ಹಾಕದೆ ನ್ಯೂಟ್ರಲ್‌ನಲ್ಲಿ ಮುಖ್ಯರಸ್ತೆಯ ತನಕ ಉರುಳಿಸಿಕೊಂಡು ಹೋದೆ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ತಿರುವಿನಲ್ಲಿ ಹಾಲಿನ ಹುಡುಗ ಸೈಕಲ್ ಹಿಡಿದು ನಿಂತಿದ್ದ. ಎರಡೂ ಕಾಲು ಕೊಟ್ಟು ಬ್ರೇಕ್ ಒತ್ತಿದೆ. ನಿಂತಿತು. ಯಾರೂ ಈ ಕೆಲಸ ಮಾಡಬೇಡಿ. ಸದ್ದು ಉಳಿಸುವುದಕ್ಕೆಂದು ಜೀವ ಪಣಕ್ಕಿಡುವುದು ನೆರೆಯವರಿಗೆ ಮಾಡುವ ಉಪಕಾರವಲ್ಲ.

ದಾರಿ ಸಿಕ್ಕಿದ್ದು ಹೆಂಡತಿಯ ತವರಿನಲ್ಲಿ, ಸುಂಟಿಕೊಪ್ಪದ ಕಡೆ. ಕಾಫಿ ಕುಯ್ಲಿನ ದಿನಗಳು. ಸಂಜೆ ಐದಾಗುತ್ತಿದ್ದಂತೆ ಮಾವನವರು ಕಣದಲ್ಲಿ ಹರಡಿದ್ದ ಕಾಫಿಯನ್ನೆಲ್ಲ ಗುಪ್ಪೆ ಮಾಡಿಸಿ ಟಾರ್ಪಾಲು ಹೊದಿಸಿದರು. ಮಾರನೇ ಬೆಳಿಗ್ಗೆ ನಾನೇ ಒಂದು ಮೂಲೆ ಎತ್ತಿದೆ. ಮೇಲೆ ನೀರು ಹರಿಯುತ್ತಿದೆ, ಒಳಗೆ ಕಾಫಿ ನಿನ್ನೆಯಷ್ಟೇ ಒಣ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ ಇದನ್ನು. ಕಾಫಿಗೆ ಇಬ್ಬನಿ ತಾಗಬಾರದು ಎಂದು ನಮ್ಮ ಇಡೀ ಜಿಲ್ಲೆ ಸಂಜೆಯೇ ಎಚ್ಚರ ವಹಿಸುತ್ತದೆ, ಕಾರಿನ ಗಾಜಿಗೆ ಮಾತ್ರ ಬೆಳಿಗ್ಗೆ ಎದ್ದ ಮೇಲೆ ಡೀಸೆಲ್ ಸುಡುತ್ತೇವೆ. ಮಾವನವರ ಹತ್ತಿರ ಹರಿದ ಟಾರ್ಪಾಲಿನ ತುಂಡೊಂದು ಕೇಳಿ ತಂದೆ.

ಈಗ ರಾತ್ರಿ ಕಾರು ನಿಲ್ಲಿಸಿದ ಮೇಲೆ ಆ ತುಂಡನ್ನು ಮುಂದಿನ ಗಾಜಿನ ಮೇಲೆ, ವೈಪರ್‌ಗಳೂ ಒಳಗೆ ಬರುವಂತೆ ಹಾಸುತ್ತೇನೆ. ಎರಡು ಕಿವಿಗಳನ್ನು ಮುಂದಿನ ಬಾಗಿಲುಗಳ ಸಂದಿಗೆ ಕೊಟ್ಟು ಬಾಗಿಲು ಹಾಕಿದರೆ ಗಾಳಿಗೆ ಹಾರುವುದಿಲ್ಲ. ಮೊದಲು ಹಳೇ ಬೆಡ್‌ಶೀಟ್ ಹಾಕಿ ನೋಡಿದ್ದೆ. ಅದು ನೀರು ಕುಡಿದು ಗಾಜಿಗೆ ಅಂಟಿಕೊಂಡು ಇದ್ದ ಕಷ್ಟವನ್ನು ಇಮ್ಮಡಿ ಮಾಡಿತು. ನೀರು ಹೀರದ ಹೊದಿಕೆಯೇ ಆಗಬೇಕು. ಗಾಜಿಗೆ ತಾಗುವ ಬದಿಯಲ್ಲಿ ಮರಳು ಮಣ್ಣು ಇಲ್ಲದಂತೆ ಒರೆಸಿಕೊಳ್ಳಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ಬದಿಯ ಕನ್ನಡಿಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಬಾಗಿಲಿನ ಗಾಜು, ಹಿಂದಿನ ಗಾಜು ತೆರೆದೇ ಇರುತ್ತವೆ. ಅವಕ್ಕೆ ನೀರು ಎಳೆದು ತೆಗೆಯುವ ಒಂದು ಅಡಿ ಅಗಲದ ರಬ್ಬರ್ ಪಟ್ಟಿ, ಆಮೇಲೆ ಹಳೇ ಪಂಚೆಯ ತುಂಡು. ನೂರು ಸಲ ಒಗೆದ ಪಂಚೆಯಷ್ಟು ಚೆನ್ನಾಗಿ ನೀರು ಹೀರುವ, ನೂಲು ಬಿಡದ ಬಟ್ಟೆ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಎಲ್ಲ ಸೇರಿ ಮೂರು ನಿಮಿಷದ ಕೆಲಸ, ಎಂಜಿನ್ ಹಾಕದೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮೊದಲ ದಿನವೇ ಗಿರಾಕಿಗಳು ನಾಲ್ವರು ಕೂತು ಬಾಗಿಲು ಹಾಕಿದ ಕ್ಷಣ ಗಾಜು ಒಳಗಿನಿಂದ ಬೆಳ್ಳಗಾಯಿತು. ಹೊರಗಿನ ಇಬ್ಬನಿಗಿಂತ ಒಳಗಿನ ಮಬ್ಬು ಹಟಮಾರಿ. ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಒಂದೊಂದಾಗಿ ಹುಡುಕಿದೆ. ಮಳೆಗಾಲದಲ್ಲಿ ನೆನೆದ ಕಾಲೊರೆಸು ಮ್ಯಾಟ್‌ಗಳ ಕೆಳಗಿನ ಹಾಸು ಡಿಸೆಂಬರ್ ಆದರೂ ಒಣಗಿರಲಿಲ್ಲ! ಎತ್ತಿ ಎರಡು ದಿನ ಬಿಸಿಲಿಗೆ ಹಾಕಿದೆ. ಡಿಕ್ಕಿಯಲ್ಲಿ ಒದ್ದೆ ಛತ್ರಿ, ಒದ್ದೆ ಒರೆಸುಬಟ್ಟೆ ಇಡುವುದು ಬಿಟ್ಟೆ. ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿದರೆ ಅದರಲ್ಲಿ ಎಲೆ, ಪಾಚಿ. ಬದಲಾಯಿಸಿದೆ. ಆಮೇಲೆ ಗಾಜಿನ ಒಳಮೈ. ಬೆರಳಿನ ಜಿಡ್ಡು, ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿಡುವ ಆವಿ ಸೇರಿ ಕಣ್ಣಿಗೆ ಕಾಣದ ಪದರ ಕೂತಿರುತ್ತದೆ, ಮಬ್ಬಿಗೆ ಅದೇ ಹಿಡಿತ. ಒಂದು ಹನಿ ಶಾಂಪೂ ಹಾಕಿದ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ವ್ಯತ್ಯಾಸ ನನಗೇ ನಂಬಲಾಗಲಿಲ್ಲ. ವಾರಕ್ಕೊಮ್ಮೆ ಮಾಡುತ್ತೇನೆ. ಹೊರಗಿನ ಬಟ್ಟೆ ಒಳಗಿನ ಗಾಜಿಗೆ ತಾಗಿಸುವುದಿಲ್ಲ.

ರಾತ್ರಿ ಕೊನೆಯ ಬಾಡಿಗೆ ಮುಗಿಸಿ ಬರುವಾಗ ಮನೆ ಇನ್ನು ಒಂದೆರಡು ಕಿಲೋಮೀಟರ್ ಇದೆ ಎನ್ನುವಾಗ ಎ.ಸಿ. ನಿಲ್ಲಿಸಿ, ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟು, ಬ್ಲೋವರ್ ಮಾತ್ರ ಓಡಿಸುತ್ತೇನೆ. ಎ.ಸಿ.ಯ ಒಳಗಿನ ಕಾಯಿಲ್ ಮೇಲೆ ಕೂತ ನೀರು ಆಗಲೇ ಆರಿದರೆ ಬೆಳಿಗ್ಗೆ ಅದು ಆವಿಯಾಗಿ ಗಾಜಿಗೆ ಬರುವುದಿಲ್ಲ. ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ಒಂದು ನಿಮಿಷ ತೆರೆದಿಡುತ್ತೇನೆ, ಗಿರಾಕಿಗಳ ಉಸಿರಿನ ಪಸೆ ಹೊರಟು ಹೋಗಲಿ ಎಂದು.

ಬೆಳಿಗ್ಗೆ ಮಬ್ಬು ಬಂದರೆ ಹೆಚ್ಚಿನವರು ಮಾಡುವ ತಪ್ಪು, ಚಳಿ ಎಂದು ಒಳಗಿನ ಗಾಳಿಯನ್ನೇ ಸುತ್ತಿಸುವುದು. ಅದರಿಂದ ಉಸಿರಿನ ನೀರು ಒಳಗೇ ಉಳಿಯುತ್ತದೆ. ಹೊರಗಿನ ಗಾಳಿ ತೆಗೆದುಕೊಳ್ಳಬೇಕು, ಚಳಿಯಿದ್ದರೂ ಎ.ಸಿ. ಹಾಕಬೇಕು, ಹೀಟರ್ ಗುಂಡಿಯನ್ನು ಬಿಸಿಯ ಕಡೆ ತಿರುಗಿಸಬೇಕು. ಎ.ಸಿ. ಗಾಳಿಯ ನೀರನ್ನು ಹಿಂಡಿ ತೆಗೆಯುತ್ತದೆ, ಹೀಟರಿನ ಬಿಸಿ ಗಾಜನ್ನು ಒಣಗಿಸುತ್ತದೆ.

ಈಗ ಎಂಜಿನ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಗಾಜು ಒರೆಸಿ, ಟಾರ್ಪಾಲನ್ನು ಒದ್ದೆ ಬದಿ ಒಳಗಾಗುವಂತೆ ಮಡಚಿ ಕಾಂಪೌಂಡಿನ ಮೇಲೆ ಹಾಕಿ, ಬೆಲ್ಟ್ ಕಟ್ಟಿಕೊಂಡ ಮೇಲೆ ಕೀ. ಡೀಸೆಲ್ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಸುರುಳಿ ಗುರುತಿನ ದೀಪ ಆರುವ ತನಕ ಕಾಯಬೇಕು. ಎಂಜಿನ್ ಒಳಗನ್ನು ಮೊದಲೇ ಬಿಸಿ ಮಾಡುವ ಗ್ಲೋ ಪ್ಲಗ್ ಕಾದಿದ್ದರೆ ಒಂದೇ ಸಲಕ್ಕೆ ಹಿಡಿಯುತ್ತದೆ, ಹೊಗೆಯೂ ಕಡಿಮೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ನಿಂತು ಹೊರಡುತ್ತೇನೆ. ರೇಸ್ ಕೊಡುವುದಿಲ್ಲ. ನಿಂತಲ್ಲೇ ಬಿಟ್ಟ ಡೀಸೆಲ್ ಎಂಜಿನ್ ಬಿಸಿಯಾಗುವುದೇ ತಡ, ನಿಧಾನಕ್ಕೆ ಓಡಿಸಿದರೆ ಅದಕ್ಕಿಂತ ಬೇಗ ಕಾಯುತ್ತದೆ. ಮೊದಲ ನಾಲ್ಕೈದು ಕಿಲೋಮೀಟರ್ ಎಂಜಿನ್ನನ್ನು ಎಳೆಸದೆ ಹೋಗುತ್ತೇನೆ. ನಮ್ಮ ಊರಿಗೆ ಬಂದಿದ್ದ ಒಬ್ಬ ಗಿರಾಕಿ ಜರ್ಮನಿಯಲ್ಲಿ ಕೆಲಸ ಮಾಡುವವರು. ಅಲ್ಲಿ ಗಾಜಿನ ಮೇಲೆ ಮಂಜುಗಡ್ಡೆ ಇದ್ದರೂ ಬಿಸಿ ಮಾಡಲೆಂದು ನಿಂತಲ್ಲೇ ಎಂಜಿನ್ ಓಡಿಸುವ ಹಾಗಿಲ್ಲ, ಸಂಚಾರ ನಿಯಮವೇ ತಡೆಯುತ್ತದೆ, ದಂಡವಿದೆ ಎಂದರು. ಅಷ್ಟು ಚಳಿಯಲ್ಲಿ ಆಗುವುದಾದರೆ ನಮಗೇಕೆ ಆಗದು? ಶೆಡ್ಡಿನೊಳಗೆ ನಿಲ್ಲಿಸುವವರಿಗೆ ಇನ್ನೊಂದು ಮಾತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ.

ಆದರೆ ನೆರೆಯವರ ನಿದ್ದೆ ಕೆಡಬಾರದೆಂದು ಅಂಗೈ ಅಗಲ ಒರೆಸಿಕೊಂಡು ಹೊರಡುವುದನ್ನು ನಾನು ಒಪ್ಪುವುದಿಲ್ಲ. ಸುಂಟಿಕೊಪ್ಪ ದಾಟಿ ಆನೆಕಾಡಿನ ರಸ್ತೆಯಲ್ಲಿ ನಸುಕಿಗೆ ಆನೆ ದಾಟುವುದುಂಟು. ಸಂಪಾಜೆ ಘಾಟಿಯಲ್ಲಿ ಕೆಲಸಕ್ಕೆ ನಡೆದು ಹೋಗುವವರು ರಸ್ತೆಯಂಚಿನಲ್ಲೇ ಇರುತ್ತಾರೆ. ನಾಲ್ಕೂ ಕಡೆ ಗಾಜು ತಿಳಿಯಾಗದೆ ನನ್ನ ಕಾರು ಹೊರಡುವುದಿಲ್ಲ. ಎಂದಾದರೂ ಎಲ್ಲ ಮಾಡಿಯೂ ಮಬ್ಬು ಬಿಡದಿದ್ದರೆ ಗಲ್ಲಿಯಿಂದ ನಿಧಾನ ಇಳಿದು ಮುಖ್ಯರಸ್ತೆಯ ಬದಿಯಲ್ಲಿ, ಹತ್ತಿರ ಮನೆಯಿಲ್ಲದ ಕಡೆ ನಿಲ್ಲಿಸಿ ಬ್ಲೋವರ್ ಓಡಿಸುತ್ತೇನೆ. ಅದಕ್ಕೆಂದೇ ಹತ್ತು ನಿಮಿಷ ಮುಂಚೆ ಏಳುತ್ತೇನೆ.

ಒಮ್ಮೆ ಕಿವಿಗೊಟ್ಟ ಮೇಲೆ ಬೇರೆ ಸದ್ದುಗಳೂ ಕೇಳತೊಡಗಿದವು. ಲಾಕ್ ತೆಗೆಯುವಾಗಿನ ಕೀಚಲು, ರಿವರ್ಸ್ ಹಾರ್ನಿನ ಸಂಗೀತ, ದಡ್ ಎನ್ನುವ ಡಿಕ್ಕಿ. ರಿವರ್ಸ್ ಹಾರ್ನನ್ನು ತೆಗೆಸಿಯೇಬಿಟ್ಟೆ. ರಾತ್ರಿಯೇ ಕಾರನ್ನು ಹಿಂದಕ್ಕೆ ತೆಗೆದು ಮೂತಿ ಇಳಿಜಾರಿನ ಕಡೆ ಇರುವಂತೆ, ಸೈಲೆನ್ಸರ್ ಕೆಳಮನೆಯ ಕಿಟಕಿಯಿಂದ ದೂರ ಗೋಡೆಯ ಕಡೆ ಬರುವಂತೆ ನಿಲ್ಲಿಸುತ್ತೇನೆ. ಬಾಗಿಲನ್ನು ರಿಮೋಟಿನಿಂದಲ್ಲ, ಕೀಲಿಯಿಂದ ತೆಗೆಯುತ್ತೇನೆ. ಗಲ್ಲಿಯೊಳಗೆ ಹೆಡ್‌ಲೈಟ್ ತಗ್ಗಿಸಿರುತ್ತದೆ. ಗಿರಾಕಿಯ ಮನೆ ಮುಟ್ಟಿದರೆ ಹಾರ್ನ್ ಇಲ್ಲ, ಒಂದು ಮಿಸ್ಡ್ ಕಾಲ್. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್. ತುರ್ತು ಇಲ್ಲದೆ ಆ ಹೊತ್ತಿನಲ್ಲಿ ಅಲ್ಲಿ ಹಾರ್ನ್ ಹಾಕುವಂತೆಯೂ ಇಲ್ಲ. ಇದನ್ನು ನಮ್ಮ ಸ್ಟ್ಯಾಂಡಿನಲ್ಲಿ ಹೇಳಿದಾಗ ಹೆಚ್ಚಿನವರಿಗೆ ಹೊಸ ವಿಷಯವಾಗಿತ್ತು.

ಕುಯ್ಲಿನ ಕಾಲಕ್ಕೆ ನಮ್ಮ ಗಲ್ಲಿಗೆ ತೋಟದ ಕೆಲಸದವರನ್ನು ಕರೆದೊಯ್ಯಲು ಒಂದು ಪಿಕಪ್ ಬರುತ್ತದೆ. ಅದರ ಹುಡುಗ ಆರಕ್ಕೆ ಮುಂಚೆ ಮೂರು ಸಲ ಉದ್ದ ಹಾರ್ನ್ ಹಾಕುತ್ತಿದ್ದ. ಅವನಿಗೆ ನಾನು ನಿಯಮ ಹೇಳಲಿಲ್ಲ. ಕೆಳಮನೆಯ ಅಜ್ಜಿಯ ವಿಷಯ ಹೇಳಿದೆ, ನಾನೂ ಗೊತ್ತಿಲ್ಲದೆ ಅವರ ನಿದ್ದೆ ಕೆಡಿಸಿದ್ದೆ ಎಂದೂ ಹೇಳಿದೆ. "ಗೊತ್ತಿರಲಿಲ್ಲ ಅಣ್ಣ" ಅಂದ. ಈಗ ಕೆಲಸದವರೇ ಮೊದಲು ಬಂದು ತಿರುವಿನಲ್ಲಿ ನಿಲ್ಲುತ್ತಾರೆ.

ಕೆಳಮನೆಯವರ ಜೊತೆ ಒಂದು ಒಪ್ಪಂದವಿದೆ. ನಾಲ್ಕಕ್ಕಿಂತ ಮುಂಚಿನ ಬಾಡಿಗೆ ಬಂದರೆ ಹಿಂದಿನ ಸಂಜೆಯೇ ತಿಳಿಸುತ್ತೇನೆ, ಆ ದಿನ ಅಜ್ಜಿ ಒಳಕೋಣೆಯಲ್ಲಿ ಮಲಗುತ್ತಾರೆ. ತಂಗಿಗೆ ರಾತ್ರಿ ಪಾಳಿ ಇದ್ದರೆ ಅವಳೂ ನನಗೆ ಹೇಳುತ್ತಾಳೆ, ಬೆಳಿಗ್ಗೆ ಅವಳು ಬಂದು ಮಲಗಿದ ಮೇಲೆ ನಾನು ಕಾರು ತೊಳೆಯುವುದಿಲ್ಲ. ನಾಳೆ ಕಣ್ಣೂರಿಗೆ ಬಾಡಿಗೆ, ಮೂರಕ್ಕೆ ಹೊರಡಬೇಕು. ಟಾರ್ಪಾಲು ಹಾಸಿ ಬಂದೆ. ಕಿಟಕಿಯ ಹತ್ತಿರ ಬಗ್ಗಿ ಹೇಳಿಯೂ ಬಂದೆ. "ಆಯ್ತು ಮಗ, ದಾರಿಯಲ್ಲಿ ಮಂಜು ಜಾಸ್ತಿ ಇರ್ತದೆ, ನಿಧಾನ ಹೋಗು" ಅಂದರು ಅಜ್ಜಿ.